ಲಾಕ್ ತೆಗೆಸಲು ಬರುವವರು ತೀರ್ಪನ್ನು ಪೂರ್ತಿ ಓದಲಿ

ಮಾನ್ಯ ಸಂಪಾದಕರೇ,

ತುಮಕೂರಿನ ಎಂ.ಜಿ. ರಸ್ತೆಗೆ ಕೂಡುವ ಅಡ್ಡರಸ್ತೆಯೊಂದರಲ್ಲಿ ಹದಿನಾರು ವರ್ಷಗಳಿಂದ ಮೊಬೈಲ್ ರಿಪೇರಿ ಅಂಗಡಿ ನಡೆಸಿಕೊಂಡು ಬಂದಿರುವ ನಾನು ಪತ್ರಿಕೆಗೆ ಬರೆಯುತ್ತಿರುವುದು ಇದೇ ಮೊದಲು. ಕಳೆದ ತಿಂಗಳು ಗಿರಾಕಿಯೊಬ್ಬರು ತಮ್ಮ ಹೆಂಡತಿಯ ಫೋನನ್ನು ಕೌಂಟರಿನ ಗಾಜಿನ ಮೇಲಿಟ್ಟು, ಡೇಟಾ ಹೋಗದಂತೆ ಪ್ಯಾಟರ್ನ್ ಲಾಕ್ ತೆಗೆದುಕೊಡಬೇಕೆಂದು ಕೇಳಿದರು. ಫೋನ್ ಯಾರದೋ ಅವರೇ ಬರಲಿ ಎಂದೆ. ಅವರು ಜೇಬಿನಿಂದ ನಾಲ್ಕಾಗಿ ಮಡಿಸಿದ್ದ ಪತ್ರಿಕೆಯ ತುಣುಕೊಂದನ್ನು ತೆಗೆದು ನನ್ನ ಮುಂದೆ ಹರಡಿ, "ಸುಪ್ರೀಂ ಕೋರ್ಟೇ ಸರಿ ಅಂದಿದೆ, ಬೇಡ ಅನ್ನೋಕೆ ನೀವ್ಯಾರು?" ಎಂದರು. ಮಡಿಕೆಯ ಗೆರೆಯಲ್ಲಿ ಅಕ್ಷರ ಅಳಿಸಿಹೋಗಿತ್ತು. ಎಷ್ಟು ದಿನದಿಂದ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದರೋ ತಿಳಿಯದು. ಸಂಗಾತಿಯ ಮಾತನ್ನು ಗುಟ್ಟಾಗಿ ರೆಕಾರ್ಡ್ ಮಾಡಿದರೂ ಅದು ಸಾಕ್ಷ್ಯವಾಗುತ್ತದೆ ಎಂಬ ಅರ್ಥದ ಶೀರ್ಷಿಕೆ ಮಾತ್ರ ದಪ್ಪಕ್ಷರದಲ್ಲಿ ಉಳಿದಿತ್ತು. ಆ ಶೀರ್ಷಿಕೆ ಸುಳ್ಳಲ್ಲ. ಆದರೆ ಅದರ ಕೆಳಗಿನ ವರದಿಯನ್ನು ಓದದೆ, ಅಥವಾ ಓದಿದರೂ ತಮಗೆ ಬೇಕಾದಷ್ಟನ್ನೇ ಹಿಡಿದುಕೊಂಡು, ಗಂಡಹೆಂಡಿರು ಒಬ್ಬರ ಫೋನನ್ನು ಒಬ್ಬರು ಬಿಚ್ಚಿ ನೋಡಲು ನ್ಯಾಯಾಲಯವೇ ಪರವಾನಗಿ ಕೊಟ್ಟಿದೆ ಎಂದು ತಿಳಿದವರು ನಮ್ಮ ಊರಿನಲ್ಲಿ ಹೆಚ್ಚುತ್ತಿರುವುದನ್ನು ನಾನು ಅಂಗಡಿಯಲ್ಲಿ ಕುಳಿತೇ ಕಾಣುತ್ತಿರುವುದರಿಂದ ಈ ಪತ್ರ.

ಚಾರ್ಜಿಂಗ್ ಪಿನ್ ಹಾಳಾದಾಗಲೆಲ್ಲ ನಮ್ಮಲ್ಲಿಗೇ ಬರುವ ವಕೀಲರೊಬ್ಬರು ಆ ತೀರ್ಪನ್ನು ನನಗೆ ಬಿಡಿಸಿ ಹೇಳಿದರು. 2025ರ ಜುಲೈ 14ರಂದು ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ನ್ಯಾಯಮೂರ್ತಿ ಸತೀಶ್ ಚಂದ್ರ ಶರ್ಮ ಅವರ ಪೀಠ ಕೊಟ್ಟ ತೀರ್ಪು ಅದು. ಪಂಜಾಬಿನ ಬಟಿಂಡಾದ ಕೌಟುಂಬಿಕ ನ್ಯಾಯಾಲಯದಲ್ಲಿ ವಿಚ್ಛೇದನದ ಮೊಕದ್ದಮೆ ನಡೆಯುತ್ತಿದ್ದಾಗ, ಹೆಂಡತಿಯೊಡನೆ ತಾನು ಆಡಿದ ಫೋನ್ ಮಾತುಕತೆಗಳನ್ನು ಅವಳಿಗೆ ತಿಳಿಯದಂತೆ ರೆಕಾರ್ಡ್ ಮಾಡಿಕೊಂಡಿದ್ದ ಗಂಡ ಅವುಗಳನ್ನು ಸಾಕ್ಷ್ಯವಾಗಿ ಒಪ್ಪಿಸಲು ಹೊರಟಿದ್ದ. ಆ ನ್ಯಾಯಾಲಯ ಒಪ್ಪಿಕೊಂಡಿತು, 2021ರಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು, ಸುಪ್ರೀಂ ಕೋರ್ಟ್ ಮತ್ತೆ ಕೆಳಗಿನ ನ್ಯಾಯಾಲಯದ ಆದೇಶವನ್ನೇ ಎತ್ತಿಹಿಡಿಯಿತು. ಇಷ್ಟಕ್ಕೆ ಆಧಾರವಾದದ್ದು 1872ರ ಸಾಕ್ಷ್ಯ ಅಧಿನಿಯಮದ 122ನೇ ಸೆಕ್ಷನ್. ದಾಂಪತ್ಯದಲ್ಲಿ ಒಬ್ಬರಿಗೊಬ್ಬರು ಹೇಳಿಕೊಂಡ ಮಾತನ್ನು ಹೇಳಿದವರ ಒಪ್ಪಿಗೆಯಿಲ್ಲದೆ ನ್ಯಾಯಾಲಯದಲ್ಲಿ ಬಯಲು ಮಾಡಬಾರದು ಎಂದು ಸಾರುವ ಅದೇ ಸೆಕ್ಷನ್, ಗಂಡಹೆಂಡಿರ ನಡುವೆಯೇ ವ್ಯಾಜ್ಯ ಹೂಡಿದ್ದರೆ ಆ ತಡೆಯಿಲ್ಲ ಎಂದೂ ಹೇಳುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಈ ಮಾತು 128ನೇ ಸೆಕ್ಷನ್ ಆಗಿ ಕುಳಿತಿದೆ.

ಇಲ್ಲಿ ನಮ್ಮ ಗಿರಾಕಿಗಳು ಗಮನಿಸದೆ ಬಿಟ್ಟದ್ದು ಎರಡು ವಿಷಯ. ಆ ಗಂಡ ರೆಕಾರ್ಡ್ ಮಾಡಿದ್ದು ತನ್ನೊಡನೆ ಹೆಂಡತಿ ಆಡಿದ ಮಾತನ್ನು. ಅವಳು ತನ್ನ ತಾಯಿಗೋ ತಂಗಿಗೋ ಗೆಳತಿಗೋ ಬರೆದ ಸಂದೇಶವನ್ನು ಅವನು ತೆರೆದು ಓದಿರಲಿಲ್ಲ. ಮತ್ತು ನ್ಯಾಯಾಲಯದ ಮುಂದಿದ್ದ ಪ್ರಶ್ನೆ, ಈಗಾಗಲೇ ಕೈಯಲ್ಲಿರುವ ಧ್ವನಿಮುದ್ರಣವನ್ನು ವಿಚ್ಛೇದನದ ವ್ಯಾಜ್ಯದಲ್ಲಿ ಸ್ವೀಕರಿಸಬಹುದೇ ಎಂಬುದು ಮಾತ್ರ. ಮನೆಯಲ್ಲಿ ಕುಳಿತು ಕದ್ದು ನೋಡುವುದನ್ನು ಆ ಪೀಠ ಹೊಗಳಲಿಲ್ಲ. ಒಬ್ಬರ ಮೇಲೊಬ್ಬರು ಗೂಢಚಾರಿಕೆ ಮಾಡುವ ಹಂತಕ್ಕೆ ಬಂದಿರುವುದೇ ದಾಂಪತ್ಯ ಆಗಲೇ ಮುರಿದಿರುವುದರ ಲಕ್ಷಣ ಎಂಬರ್ಥದ ಮಾತನ್ನು ತೀರ್ಪಿನಲ್ಲೇ ಬರೆದಿದೆ. ಮುರಿದ ಮನೆಯ ಲೆಕ್ಕ ಚುಕ್ತಾ ಮಾಡಲು ನ್ಯಾಯಾಲಯ ಇಟ್ಟುಕೊಂಡ ನಿಯಮವನ್ನು ಇನ್ನೂ ನಿಂತಿರುವ ಮನೆಯ ದಿನಚರಿಗೆ ತಂದರೆ ಏನಾಗುತ್ತದೆಂದು ನಾನು ಬೇರೆಯವರ ಕಥೆ ಹೇಳಿ ತಿಳಿಸಬೇಕಾಗಿಲ್ಲ. ನನ್ನ ಕೈಯಿಂದಲೇ ನಡೆದದ್ದನ್ನು ಹೇಳುತ್ತೇನೆ. ಗುರುತು ಸಿಗದಂತೆ ಒಂದೆರಡು ವಿವರಗಳನ್ನಷ್ಟೇ ಬದಲಿಸಿದ್ದೇನೆ.

ಏಳೆಂಟು ವರ್ಷಗಳ ಹಿಂದೆ ಒಂದು ಸಂಜೆ, ಅಂಗಡಿ ಮುಚ್ಚುವ ಹೊತ್ತಿನಲ್ಲಿ ಒಬ್ಬರು ಬಂದರು. ಒಂದು ಕೈಯಲ್ಲಿ ತಮ್ಮ ಟ್ಯಾಬ್, ಇನ್ನೊಂದು ಕೈಯಲ್ಲಿ ಹೂವಿನ ಕವರ್ ಹಾಕಿದ ಫೋನು. ಲಾಕ್ ಅವರಿಗೆ ಗೊತ್ತಿತ್ತು. ಬೆರಳು ಹೋಗುವ ದಾರಿಯನ್ನು ಹಿಂದಿನಿಂದ ನಿಂತು ನೋಡಿ ಕಲಿತಿದ್ದಿರಬೇಕು. ಈ ಫೋನಿನ ವಾಟ್ಸ್‌ಆ್ಯಪ್ ಟ್ಯಾಬಿನಲ್ಲೂ ಕಾಣುವ ಹಾಗೆ ಮಾಡಿಕೊಡಿ ಎಂದರು. ಅದು ವಾಟ್ಸ್‌ಆ್ಯಪ್ ವೆಬ್‌ನ ಹಳೆಯ ಕಾಲ, ಕೋಡ್ ಸ್ಕ್ಯಾನ್ ಮಾಡಿದರೆ ಆಯಿತು. ಹೂವಿನ ಕವರ್ ನೋಡಿದಾಗಲೇ ನಾನು ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ. ಐವತ್ತು ರೂಪಾಯಿ ತೆಗೆದುಕೊಂಡು ಕೆಲಸ ಮಾಡಿ ಕಳಿಸಿದೆ.

ಹದಿನೈದು ಇಪ್ಪತ್ತು ದಿನ ಕಳೆದ ಮೇಲೆ ಅದೇ ಕವರಿನ ಫೋನ್ ಹಿಡಿದು ಒಬ್ಬ ಹೆಣ್ಣುಮಗಳು ಬಂದಳು. ಜೊತೆಯಲ್ಲಿ ಅವಳ ಅಣ್ಣನಿದ್ದ, ಆದರೆ ಮಾತಾಡಿದ್ದೆಲ್ಲ ಅವಳೇ. ಅವಳ ಸಂದೇಶಗಳಲ್ಲಿ ಗಂಡ ಹುಡುಕಿದ್ದು ಏನೋ, ಸಿಕ್ಕಿದ್ದು ಬೇರೆ. ಅವಳ ತಂಗಿ ಮಕ್ಕಳಾಗಲೆಂದು ಬೆಂಗಳೂರಿನಲ್ಲಿ ಚಿಕಿತ್ಸೆ ಪಡೆಯುತ್ತಿದ್ದುದು, ಎರಡು ಸಲ ಗರ್ಭ ನಿಲ್ಲದೆ ಹೋದದ್ದು, ಅದನ್ನು ಅತ್ತೆಮನೆಯವರಿಂದ ಮುಚ್ಚಿಟ್ಟದ್ದು, ಎಲ್ಲವನ್ನೂ ಆ ತಂಗಿ ರಾತ್ರಿ ಹೊತ್ತಿನಲ್ಲಿ ಅಕ್ಕನಿಗೆ ಬರೆದುಕೊಂಡಿದ್ದಳು. ಗಂಡ ಓದಿ ತನ್ನ ತಾಯಿಗೆ ಹೇಳಿದ. ತಾಯಿ ಮದುವೆ ಮನೆಯೊಂದರಲ್ಲಿ ಯಾರಿಗೋ ಹೇಳಿದರು. ವಾರದೊಳಗೆ ತಂಗಿಯ ಅತ್ತೆಮನೆಗೆ ಸುದ್ದಿ ಮುಟ್ಟಿತ್ತು. ಅವಳು ನನ್ನನ್ನು ಬೈಯಲಿಲ್ಲ. "ಅಣ್ಣಾ, ಇದನ್ನ ಹಾಕಿಕೊಡೋಕೆ ಎಷ್ಟು ತಗೊಂಡ್ರಿ?" ಎಂದಳು. ಐವತ್ತು ಎಂದೆ. ಪರ್ಸಿನಿಂದ ಐವತ್ತರ ನೋಟು ತೆಗೆದು ಗಾಜಿನ ಮೇಲಿಟ್ಟು, "ತೆಗೆಯೋದು ಹೇಗೆ ಅಂತ ತೋರಿಸಿಕೊಡಿ, ನನಗೂ ಗೊತ್ತಿರಲಿ" ಎಂದಳು. ತೋರಿಸಿಕೊಟ್ಟೆ. ಎಷ್ಟು ಹೇಳಿದರೂ ಆ ನೋಟನ್ನು ವಾಪಸ್ ತೆಗೆದುಕೊಳ್ಳಲಿಲ್ಲ.

ಅಂದಿನಿಂದ ನನಗೆ ಮನದಟ್ಟಾಗಿರುವ ಒಂದು ಸಂಗತಿಯನ್ನು, ಗಂಡಹೆಂಡಿರ ನಡುವೆ ಮುಚ್ಚುಮರೆ ಯಾಕೆ ಎಂದು ಕೇಳುವವರೆಲ್ಲರ ಮುಂದೆ ಇಡಬೇಕೆನಿಸುತ್ತದೆ. ಹೆಂಡತಿಯ ಫೋನಿನಲ್ಲಿ ಇರುವುದು ಹೆಂಡತಿಯ ಮಾತಷ್ಟೇ ಅಲ್ಲ. ಅದರಲ್ಲಿ ಅರ್ಧಕ್ಕರ್ಧ ಬೇರೆಯವರು ಅವಳೊಬ್ಬಳನ್ನೇ ನಂಬಿ ಹೇಳಿದ ಮಾತು. ಅವಳು ತನ್ನ ಗುಟ್ಟನ್ನು ಗಂಡನಿಗೆ ಒಪ್ಪಿಸಬಹುದು, ಒಪ್ಪಿಸದೆಯೂ ಇರಬಹುದು. ತಂಗಿಯ ಗುಟ್ಟನ್ನು ಒಪ್ಪಿಸುವ ಅಧಿಕಾರ ಅವಳಿಗೇ ಇಲ್ಲದಿರುವಾಗ ಅದನ್ನು ಕೇಳುವ ಅಧಿಕಾರ ಗಂಡನಿಗೆ ಎಲ್ಲಿಂದ ಬರುತ್ತದೆ? ತಾಳಿ ಕಟ್ಟಿದ್ದು ಅವಳಿಗೇ ಹೊರತು ಅವಳ ಕಾಂಟ್ಯಾಕ್ಟ್ ಲಿಸ್ಟಿಗಲ್ಲ. ಗಂಡಸರ ಫೋನಿಗೂ ಇದೇ ಮಾತು. ಸಾಲ ಕೇಳಿ ಬರೆದ ಗೆಳೆಯ, ಕಾಯಿಲೆ ಹೇಳಿಕೊಂಡ ತಮ್ಮ, ಕೆಲಸ ಹೋಗಿದ್ದನ್ನು ಇನ್ನೂ ಮನೆಯಲ್ಲಿ ಹೇಳದ ಸಹೋದ್ಯೋಗಿ, ಇವರೆಲ್ಲ ಅಲ್ಲಿರುತ್ತಾರೆ.

ಈ ಮೂರನೆಯವರ ವಿಚಾರವನ್ನು ನಮ್ಮ ರಾಜ್ಯದ ಹೈಕೋರ್ಟ್ ಗಟ್ಟಿಯಾಗಿಯೇ ಹಿಡಿದಿದೆ ಎಂದು ಅದೇ ವಕೀಲರು ಹೇಳಿದಾಗ ನನಗೆ ಸಮಾಧಾನವಾಯಿತು. 2022ರ ನವೆಂಬರಿನಲ್ಲಿ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರ ಮುಂದೆ ಬಂದಿದ್ದ ಪ್ರಕರಣವೊಂದರಲ್ಲಿ, ಹೆಂಡತಿಗೆ ಇನ್ನೊಬ್ಬರೊಡನೆ ಸಂಬಂಧವಿದೆಯೆಂದು ಆರೋಪಿಸಿದ್ದ ಗಂಡ ಆ ಇನ್ನೊಬ್ಬ ವ್ಯಕ್ತಿಯ ಮೊಬೈಲ್ ಟವರ್ ವಿವರಗಳನ್ನು ತರಿಸಬೇಕೆಂದು ಕೋರಿದ್ದ. ಗಂಡಹೆಂಡಿರ ವ್ಯಾಜ್ಯದಲ್ಲಿ ಕಕ್ಷಿದಾರನೇ ಅಲ್ಲದ ಮೂರನೆಯವನ ಖಾಸಗಿತನವನ್ನು ಹೀಗೆ ಭೇದಿಸಲಾಗದು ಎಂದು ಹೈಕೋರ್ಟ್ ಹೇಳಿತು. ಮರುವರ್ಷ ಧಾರವಾಡ ಪೀಠ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಮದುವೆಯಾದ ಮಾತ್ರಕ್ಕೆ ವ್ಯಕ್ತಿಯ ಖಾಸಗಿತನದ ಹಕ್ಕು ಮರೆಯಾಗಿಬಿಡುವುದಿಲ್ಲ ಎಂದಿತು. ಅದು ಜೀವನಾಂಶ ಕೊಡದೆ ಕಣ್ಮರೆಯಾಗಿದ್ದ ಗಂಡನ ಆಧಾರ್ ವಿವರ ಕೇಳಿದ್ದ ಹೆಂಡತಿಯ ಪ್ರಕರಣ. ಆ ಹೆಣ್ಣುಮಗಳ ಪಾಡು ನೆನೆದರೆ ಹೊಟ್ಟೆ ಚುರುಕ್ಕೆನ್ನುತ್ತದೆ. ಆದರೂ ಕಾನೂನಿನ ತತ್ವ ಗಂಡಸಿಗೊಂದು, ಹೆಂಗಸಿಗೊಂದು ಎಂದು ಇರಲಾರದಲ್ಲ. ಖಾಸಗಿತನ ಸಂವಿಧಾನದ 21ನೇ ವಿಧಿಯಲ್ಲಿ ಸೇರಿರುವ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿದ ಪ್ರಕರಣಕ್ಕೆ ಹೆಸರು ಕೊಟ್ಟವರು ನಮ್ಮ ಕರ್ನಾಟಕ ಹೈಕೋರ್ಟಿನಿಂದಲೇ ನಿವೃತ್ತರಾಗಿದ್ದ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬುದನ್ನು ಕನ್ನಡಿಗರಾದ ನಾವು ಮರೆಯುತ್ತಿದ್ದೇವೆ.

ನನ್ನ ಅಂಗಡಿಯಲ್ಲಿ ಕೇಳಿಬರುವ ಇನ್ನೊಂದು ವಾದವಿದೆ. "ಫೋನ್ ತಂದುಕೊಟ್ಟಿದ್ದು ನಾನು, ಬಿಲ್ ನನ್ನ ಹೆಸರಲ್ಲಿದೆ, ಸಿಮ್ ಕೂಡ ನನ್ನ ಹೆಸರಲ್ಲೇ ಇದೆ, ರೀಚಾರ್ಜ್ ಮಾಡಿಸೋನೂ ನಾನೇ." ಗುಬ್ಬಿ, ಕೋರಾ, ಊರುಕೆರೆ ಕಡೆಯಿಂದ ಬರುವವರಲ್ಲಿ ಇದು ನಿಜವೂ ಹೌದು, ಹೆಂಗಸರ ಹೆಸರಿನಲ್ಲಿ ಸಿಮ್ ಇರುವುದೇ ಕಡಿಮೆ. ಆದರೆ ಹಬ್ಬಕ್ಕೆ ಸೀರೆ ತಂದುಕೊಟ್ಟವನು ಅದರ ಸೆರಗಿನಲ್ಲಿ ಏನು ಕಟ್ಟಿಕೊಂಡಿದ್ದೀಯೆ ಎಂದು ಬಿಚ್ಚಿ ನೋಡುವುದಿಲ್ಲ. ರಸೀದಿಯಲ್ಲಿ ಯಾರ ಹೆಸರಿದೆಯೋ ಅವರಿಗೆ ರಿಪೇರಿಯ ಗ್ಯಾರಂಟಿ ಸಿಗುತ್ತದೆ, ಅಷ್ಟೆ. ಇನ್ನೊಬ್ಬರ ಪಾಸ್‌ವರ್ಡನ್ನು ಅಪ್ರಾಮಾಣಿಕವಾಗಿ ಬಳಸುವುದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಸೆಕ್ಷನ್ ಮೂರು ವರ್ಷಗಳವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸುತ್ತದೆ. ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್, ಗಂಡಸೊಬ್ಬ ಹೆಂಗಸಿನ ಇಂಟರ್ನೆಟ್, ಇ-ಮೇಲ್ ಮುಂತಾದ ವಿದ್ಯುನ್ಮಾನ ಸಂಪರ್ಕದ ಮೇಲೆ ಕಣ್ಣಿಟ್ಟು ಕೂರುವುದನ್ನೂ ಹಿಂಬಾಲಿಸಿ ಕಾಡುವ ಅಪರಾಧದಲ್ಲಿ ಸೇರಿಸಿದೆ. ಗಂಡನಾದರೆ ಇದು ಅನ್ವಯಿಸದು ಎಂಬ ಸಾಲು ಆ ಸೆಕ್ಷನ್ನಿನಲ್ಲಿ ಇಲ್ಲ. ಪಾಸ್‌ವರ್ಡ್ ಕೊಡು ಎಂದು ಹೆಂಡತಿಯನ್ನು ಒತ್ತಾಯಿಸುವುದು ಕೌಟುಂಬಿಕ ದೌರ್ಜನ್ಯವೂ ಆಗಬಹುದೆಂದು ಛತ್ತೀಸ್‌ಗಢ ಹೈಕೋರ್ಟ್ 2025ರಲ್ಲಿ ಹೇಳಿದೆ. ಪತ್ರಿಕೆಯ ತುಣುಕನ್ನು ಜೇಬಿನಲ್ಲಿಟ್ಟುಕೊಳ್ಳುವವರು ಇವುಗಳನ್ನೂ ಇಟ್ಟುಕೊಳ್ಳುವುದು ಒಳ್ಳೆಯದು.

ಕದ್ದು ಓದುವುದಕ್ಕಿಂತ ಕೆಟ್ಟದ್ದನ್ನೂ ನಾನು ಕಂಡಿದ್ದೇನೆ. ಬ್ಯಾಟರಿ ಅರ್ಧ ದಿನವೂ ನಿಲ್ಲುತ್ತಿಲ್ಲ, ಸುಮ್ಮನಿಟ್ಟರೂ ಬಿಸಿಯಾಗುತ್ತದೆ ಎಂದು ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ಯುವತಿಯೊಬ್ಬಳು ಫೋನ್ ತಂದಿದ್ದಳು. ಬ್ಯಾಟರಿ ಸರಿಯಾಗಿಯೇ ಇತ್ತು. ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ತೆರೆದು ನೋಡಿದರೆ, ಫೋನಿನ ಕಂಪನಿಯದೇ ಏನೋ ಎಂದು ನಂಬುವಂತಹ ಹೆಸರಿನ ಆ್ಯಪ್ ಒಂದಕ್ಕೆ ಎಲ್ಲ ಅನುಮತಿಯೂ ಕೊಟ್ಟಿತ್ತು. ಪರದೆಯ ಮೇಲೆ ಮೂಡುವ ಪ್ರತಿಯೊಂದು ಅಕ್ಷರವೂ ಬೇರೆ ಕಡೆಗೆ ಹೋಗುತ್ತಿತ್ತು. ಅದು ಪ್ಲೇ ಸ್ಟೋರಿನಿಂದ ಬಂದದ್ದಲ್ಲ. ಮಕ್ಕಳ ಮೇಲೆ ನಿಗಾ ಇಡುವ ಆ್ಯಪ್‌ಗಳಿಗೆ ಅವಕಾಶ ಕೊಡುವ ಗೂಗಲ್ ಕೂಡ, ಗಂಡ ಅಥವಾ ಹೆಂಡತಿಯ ಮೇಲೆ, ಅವರು ಒಪ್ಪಿದರೂ ಸರಿಯೆ, ಅಂಥದ್ದನ್ನು ಬಳಸುವಂತಿಲ್ಲ ಎಂದು ತನ್ನ ನಿಯಮದಲ್ಲಿ ಬರೆದಿದೆ. ಏನೆಂದು ತಿಳಿಸಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಈಗ ತೆಗೀಬೇಡಿ ಅಣ್ಣಾ, ತೆಗೆದ್ರೆ ಮನೇಲಿ ಗೊತ್ತಾಗುತ್ತೆ" ಎಂದಳು. ಮಹಿಳಾ ಸಹಾಯವಾಣಿ 181ರ ಸಂಖ್ಯೆಯನ್ನು ಫೋನಿನಲ್ಲಿ ಹಾಕದೆ ಬಿಲ್ಲಿನ ಹಿಂದೆ ಬರೆದು ಕೊಟ್ಟೆ. ಅದಕ್ಕಿಂತ ಹೆಚ್ಚಿನದು ನನಗೆ ಅಂದು ಹೊಳೆಯಲಿಲ್ಲ. ನಿಮ್ಮ ಓದುಗರಲ್ಲಿ ಯಾರಿಗಾದರೂ ಅನುಮಾನವಿದ್ದರೆ ವಾಟ್ಸ್‌ಆ್ಯಪ್‌ನಲ್ಲಿ ಲಿಂಕ್ಡ್ ಡಿವೈಸಸ್ ಎಂಬಲ್ಲಿ ನೋಡಬಹುದು. ಒಂದು ಖಾತೆಗೆ ಈಗ ನಾಲ್ಕು ಸಾಧನಗಳವರೆಗೆ ಜೋಡಿಸಬಹುದಾಗಿರುವುದರಿಂದ, ತಾವು ಜೋಡಿಸದ ಹೆಸರು ಅಲ್ಲಿ ಕಂಡರೆ ಅದರ ಮೇಲೆ ಒತ್ತಿ ಲಾಗ್ ಔಟ್ ಮಾಡಿದರೆ ಸಾಕು.

ಇಷ್ಟೆಲ್ಲ ಬರೆದ ಮೇಲೆ ನನ್ನ ವಾದಕ್ಕೆ ಒಗ್ಗದ ಒಂದು ಪ್ರಸಂಗವನ್ನೂ ಮುಚ್ಚಿಡಬಾರದು. ನಮ್ಮ ಬೀದಿಯ ಕೊನೆಯಲ್ಲಿ ಟೈಲರಿಂಗ್ ಮಾಡುವ ಹೆಣ್ಣುಮಗಳು, ಗಂಡ ನಿದ್ದೆ ಹೋಗಿದ್ದಾಗ ಅವನ ಬೆರಳನ್ನೇ ಒತ್ತಿ ಫೋನ್ ತೆರೆದಳು. ಆನ್‌ಲೈನ್ ಜೂಜಿನಲ್ಲಿ ಕಳೆದ ಹಣ, ಅದಕ್ಕಾಗಿ ಲೋನ್ ಆ್ಯಪ್‌ಗಳಿಂದ ಎತ್ತಿದ ಸಾಲ, ಅವರ ಬೆದರಿಕೆಯ ಸಂದೇಶಗಳು ಎಲ್ಲವೂ ಸಿಕ್ಕವು. ಇನ್ನು ಎರಡು ತಿಂಗಳು ತಡವಾಗಿದ್ದರೆ ಅವಳ ಒಡವೆಯೂ ಉಳಿಯುತ್ತಿರಲಿಲ್ಲ. ಅವಳು ಮಾಡಿದ್ದು ತಪ್ಪು ಎನ್ನಲು ನನಗೆ ನಾಲಿಗೆ ಏಳುವುದಿಲ್ಲ. ಹಣದ ವಿಚಾರಕ್ಕೆ ಕಾನೂನಿನಲ್ಲಿ ನೇರ ದಾರಿಯಿದೆ, ನಿಜ. ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳ ವಿವರವನ್ನು ಪ್ರಮಾಣಪತ್ರದಲ್ಲಿ ಒಪ್ಪಿಸಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲೇ ವಿಧಿಸಿದೆ. ಆದರೆ ಆ ದಾರಿ ತೆರೆಯಬೇಕಾದರೆ ಮೊದಲು ನ್ಯಾಯಾಲಯದ ಮೆಟ್ಟಿಲು ಹತ್ತಬೇಕು, ಅವಳು ಹತ್ತುವ ಮನಸ್ಸಿನಲ್ಲಿರಲಿಲ್ಲ. ಅವಳಿಗೆ ಬೇಕಿದ್ದದ್ದು ಗಂಡ. ಅವಳನ್ನೂ ಟ್ಯಾಬ್ ಹಿಡಿದು ಬಂದಿದ್ದವರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂಬುದಷ್ಟೇ ನನ್ನ ಅನಿಸಿಕೆ. ಅವಳು ಒಂದು ಸಲ ನೋಡಿದಳು, ಬೆಳಿಗ್ಗೆ ಗಂಡನನ್ನು ಎದುರು ಕೂರಿಸಿಕೊಂಡು ನೋಡಿದೆನೆಂದು ಅವಳೇ ಹೇಳಿದಳು, ಅತ್ತೆಗೂ ನಾದಿನಿಗೂ ಹೇಳಲಿಲ್ಲ.

ನನ್ನ ಮನೆಯ ಮಾತನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಊರಿಗೆಲ್ಲ ಉಪದೇಶ ಮಾಡಿದಂತಾದೀತು. ನನ್ನ ಫೋನಿನ ಪಿನ್ ನನ್ನ ಹೆಂಡತಿಗೆ ಗೊತ್ತು, ಅವಳದು ನನಗೆ ಗೊತ್ತು. "ನಿಮ್ಮ ಮೊಬೈಲಲ್ಲಿ ನೋಡೋಕೆ ಏನಿದೆ ರೀ, ಬರೀ ಡಿಸ್‌ಪ್ಲೇ ರೇಟು" ಎನ್ನುತ್ತಾಳೆ. ಅವಳ ಫೋನಿನಲ್ಲಿ ಅವಳ ತಾಯಿಯೊಡನೆ ನಡೆಯುವ ಮಾತುಕತೆಯಿದೆ, ಅದರಲ್ಲಿ ನನ್ನ ತಾಯಿಯ ಪ್ರಸ್ತಾಪ ಬರದೇ ಇರುತ್ತದೆಯೇ? ಅದನ್ನು ಓದಿದ ದಿನ ನನಗೆ ಮನೆಯ ಮುದ್ದೆ ಗಂಟಲಲ್ಲಿ ಇಳಿಯಲಾರದು. ಹಿಂದೆ ಬಾವಿಕಟ್ಟೆಯಲ್ಲೋ ಬಟ್ಟೆ ಒಗೆಯುವ ಕಲ್ಲಿನ ಹತ್ತಿರವೋ ಹೆಂಗಸರು ಮಾತಾಡಿ ಹಗುರಾಗುತ್ತಿದ್ದರು, ಆ ಮಾತು ನೀರಿನ ಜೊತೆ ಹರಿದುಹೋಗುತ್ತಿತ್ತು. ಈಗ ಅದು ತಾರೀಖು, ಗಂಟೆ, ನಿಮಿಷದ ಸಮೇತ ಫೋನಿನಲ್ಲಿ ಉಳಿಯುತ್ತದೆ ಎಂಬ ಕಾರಣಕ್ಕೇ ಅದು ಅಪರಾಧದ ದಾಖಲೆಯಾಗಿಬಿಡಬೇಕೆ?

ಸ್ಕ್ರೀನ್‌ಶಾಟ್‌ಗಳ ಪ್ರಿಂಟ್ ತಂದು, ನೀವು ತಜ್ಞರಲ್ಲವೇ, ಇವು ಅಸಲಿ ಎಂದು ಸಹಿ ಹಾಕಿಕೊಡಿ ಎಂದು ಕೇಳುವವರೂ ಇತ್ತೀಚೆಗೆ ಶುರುವಾಗಿದ್ದಾರೆ. ಹೊಸ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಕಾರ ವಿದ್ಯುನ್ಮಾನ ದಾಖಲೆಯ ಜೊತೆ ಕೊಡಬೇಕಾದ ಪ್ರಮಾಣಪತ್ರದಲ್ಲಿ ತಜ್ಞರು ತುಂಬುವ ಭಾಗವೊಂದಿದೆ, ಅದಕ್ಕೆ ಈ ಓಡಾಟ. ನಾನು ಸ್ಕ್ರೂಡ್ರೈವರ್ ಹಿಡಿಯುವವನು, ದಾಖಲೆ ತಿದ್ದಿಲ್ಲವೆಂದು ಪರಿಶೀಲಿಸಲು ಬಳಸುವ ಹ್ಯಾಶ್ ಮೌಲ್ಯಕ್ಕೆ ಸಹಿ ಹಾಕುವ ತಜ್ಞನಲ್ಲ. ನನ್ನಂಥವರು ಹಾಗೆ ಸಹಿ ಹಾಕಿದರೆ ನಾಳೆ ಕಟಕಟೆಯಲ್ಲಿ ನಿಲ್ಲಬೇಕಾದವರೂ ನಾವೇ ಎಂದು ಪಕ್ಕದ ಅಂಗಡಿಯ ಹುಡುಗರಿಗೆ ಹೇಳಿದ್ದೇನೆ.

ಈಗ ನನ್ನ ಅಂಗಡಿಯಲ್ಲಿ ಒಂದು ಬೋರ್ಡಿದೆ: "ಲಾಕ್ ತೆಗೆಸಲು ಫೋನ್ ಬಳಸುವವರೇ ಬರಬೇಕು. ಬೇರೆಯವರ ವಾಟ್ಸ್‌ಆ್ಯಪ್ ಜೋಡಿಸಿ ಕೊಡುವುದಿಲ್ಲ." ಇದರಿಂದ ಕೆಲವು ಗಿರಾಕಿಗಳು ಮುಂದಿನ ಅಂಗಡಿಗೆ ಹೋಗುತ್ತಾರೆ, ಅಲ್ಲಿ ಅವರ ಕೆಲಸ ಆಗುತ್ತದೆ ಎಂಬುದೂ ನನಗೆ ಗೊತ್ತು. ಪತ್ರಿಕೆಯ ತುಣುಕು ತಂದಿದ್ದವರೂ ಹಾಗೆಯೇ ಹೋದರು.

ತಮ್ಮಲ್ಲಿ ಎರಡು ಕೋರಿಕೆ. ಇಂತಹ ತೀರ್ಪುಗಳು ಬಂದಾಗ ಶೀರ್ಷಿಕೆಯ ಕೆಳಗೇ, ಯಾವ ಪ್ರಕರಣದಲ್ಲಿ, ಯಾರ ಮಾತಿನ ಬಗ್ಗೆ, ಎಷ್ಟರ ಮಟ್ಟಿಗೆ ಎಂಬುದನ್ನು ನಮ್ಮಂಥವರಿಗೂ ಅರ್ಥವಾಗುವ ಹಾಗೆ ನಾಲ್ಕು ಸಾಲು ಹಾಕಿಸಿ. ಇನ್ನೊಂದು, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದವರು ಶಾಲೆ ಕಾಲೇಜುಗಳಲ್ಲಿ ನಡೆಸುವ ಅರಿವು ಕಾರ್ಯಕ್ರಮವನ್ನು ಮೊಬೈಲ್ ಅಂಗಡಿಯವರಿಗಾಗಿ ಒಮ್ಮೆ ನಡೆಸಲಿ ಎಂಬ ನನ್ನ ಮನವಿ ತಮ್ಮ ಪತ್ರಿಕೆಯ ಮೂಲಕ ಅವರನ್ನು ತಲುಪಲಿ. ಭಾನುವಾರ ಮಧ್ಯಾಹ್ನದ ಮೇಲೆ ನಮ್ಮ ಬೀದಿಯ ಅಂಗಡಿಗಳೆಲ್ಲ ಮುಚ್ಚಿರುತ್ತವೆ; ಹದಿನೈದು ಇಪ್ಪತ್ತು ಜನರನ್ನು ಕೂಡಿಸಿ, ಕುರ್ಚಿ ಮತ್ತು ಟೀ ಏರ್ಪಾಡು ಮಾಡುವ ಹೊಣೆ ನನ್ನದು.

ಇಂತಿ ತಮ್ಮ ವಿಶ್ವಾಸಿ,
ಮೊಬೈಲ್ ರಿಪೇರಿ ಅಂಗಡಿಯವನು, ತುಮಕೂರು